ಇದು ಎಮರ್ಜೆನ್ಸಿಯಾ? ಹಿಂದಿನ ಕಾಲಕ್ಕೆ ಇಂದಿನದನ್ನು ಹೋಲಿಸಿ ನೋಡುವ ಬಗೆ

ಮುಂಬಯಿಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ರಾಜಕೀಯದ ಮಾತು ಬಂದೇ ಬರುತ್ತದೆ. ಮಾಟುಂಗದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಬರಬಹುದು, ಊರಿನವರ ವಾಟ್ಸಾಪ್ ಗುಂಪಿನಲ್ಲಿ ಬರಬಹುದು. ಒಬ್ಬರು 'ಹಿಟ್ಲರ್ ಕಾಲದ ಹಾಗೇ ಆಗ್ತಿದೆ' ಅನ್ನುತ್ತಾರೆ. ಇನ್ನೊಬ್ಬರು 'ಎಮರ್ಜೆನ್ಸಿ ನೋಡಿದವರು ಹೀಗೆ ಮಾತಾಡಲ್ಲ' ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಮನಸ್ತಾಪ ಮಾತ್ರ ಉಳಿಯುತ್ತದೆ.

ಆದರೆ ಪ್ರಶ್ನೆ ಬಿಡುವಂಥದ್ದಲ್ಲ. ಮತ ಹಾಕಿ ಆರಿಸಿದ ಸರ್ಕಾರವೇ ಒಬ್ಬರ ಕೈಗೆ ಜಾರುವುದು ಹೇಗೆ? ಆ ಜಾರುವಿಕೆ ನಮ್ಮ ಕಾಲದಲ್ಲಿ ನಡೆದರೆ ನಮಗೆ ಗೊತ್ತಾಗುತ್ತದಾ? ಇದನ್ನು ಸಮಾಧಾನವಾಗಿ ಕೂತು ನೋಡಬೇಕು ಅನ್ನುವವರಿಗೆ ಒಂದು ಕ್ರಮ ಹೇಳುತ್ತೇನೆ. ಒಬ್ಬರೇ ಮಾಡಬಹುದು. ಐದಾರು ಗೆಳೆಯರು ಭಾನುವಾರ ಸೇರಿ ಮಾಡಿದರೆ ಇನ್ನೂ ಚೆನ್ನ. ಒಂದು ನೋಟ್‌ಬುಕ್, ಸಂವಿಧಾನದ ಒಂದು ಕನ್ನಡ ಪ್ರತಿ, ಒಂದು ಮೊಬೈಲ್ ಸಾಕು.

ಮೊದಲು ಐದು ಕಾಲಂ ಎಳೆಯಿರಿ

ನೋಟ್‌ಬುಕ್‌ನ ಎರಡು ಪುಟ ತೆರೆದಿಟ್ಟು ಐದು ಕಾಲಂ ಹಾಕಿ. ಮೊದಲನೆಯದು ತಾರೀಖು. ಎರಡನೆಯದು ಆವತ್ತು ಹೊರಬಿದ್ದ ಕಾನೂನು, ಆದೇಶ ಅಥವಾ ತೀರ್ಪು. ಮೂರನೆಯದರಲ್ಲಿ, ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆಯಿರಿ. ನಾಲ್ಕನೆಯದರಲ್ಲಿ, ಬೇಡ ಅನ್ನುವ ಹಕ್ಕು ಯಾರಿಗಿತ್ತು, ಅವರು ಏನು ಮಾಡಿದರು ಎಂದು. ಕೊನೆಯದರಲ್ಲಿ, ಹೋದದ್ದನ್ನು ವಾಪಸ್ ಪಡೆಯುವ ದಾರಿ ಉಳಿಯಿತಾ ಎಂದು.

ನಾಯಕರ ಹೆಸರಿಗೆ ಕಾಲಂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಮುಖಕ್ಕೆ ಮುಖ ಹೋಲಿಸಲು ಹೊರಟರೆ ಜಗಳವೇ ಜಾಸ್ತಿ. ನಡೆದ ಕೆಲಸಕ್ಕೆ ನಡೆದ ಕೆಲಸವನ್ನು ಹೋಲಿಸಿದರೆ ಎದುರಿನವರೂ ಕೂತು ಕೇಳುತ್ತಾರೆ.

ನನ್ನ ಮಟ್ಟಿಗೆ ಇಡೀ ಅಭ್ಯಾಸದ ಜೀವ ಇರುವುದು ನಾಲ್ಕನೇ ಕಾಲಂನಲ್ಲಿ. ಅಧಿಕಾರ ಜಾಸ್ತಿ ಬೇಕು ಅನ್ನುವವರು ಎಲ್ಲ ಕಾಲದಲ್ಲೂ, ಎಲ್ಲ ಪಕ್ಷದಲ್ಲೂ ಇದ್ದಾರೆ. ದೇಶ ಜಾರಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದವರು ಅವರ ಎದುರು ಕೂತವರು. ಸಹಿ ಹಾಕಿದ ರಾಷ್ಟ್ರಪತಿ, ಕೈ ಎತ್ತಿದ ಸಂಸದ, ತೀರ್ಪು ಬರೆದ ನ್ಯಾಯಾಧೀಶ, ಸುದ್ದಿ ನುಂಗಿದ ಸಂಪಾದಕ.

ಜರ್ಮನಿಯ ಕಥೆಯನ್ನು ಮೊದಲ ಪುಟದಿಂದ ಓದಿ

ಹಿಟ್ಲರ್ ಅಂದ ಕೂಡಲೇ ನಮಗೆ ನೆನಪಾಗುವುದು ಯುದ್ಧ, ಗ್ಯಾಸ್ ಚೇಂಬರ್. ಅದು ಕಥೆಯ ಕೊನೆ. ಕೊನೆಯ ಪುಟದ ಪಕ್ಕ ಇಂದಿನ ಯಾವ ದೇಶವನ್ನಿಟ್ಟರೂ 'ಅಷ್ಟೇನೂ ಆಗಿಲ್ಲವಲ್ಲ' ಎಂದು ಸಮಾಧಾನವಾಗಿಬಿಡುತ್ತದೆ. ಶುರುವಿನ ಪುಟದ ಪಕ್ಕ ಇಡಿ.

1930ರಿಂದಲೇ ಅಲ್ಲಿ ಸಂಸತ್ತಿನ ಬಹುಮತ ಇಲ್ಲದ ಸರ್ಕಾರಗಳು ಸಂವಿಧಾನದ 48ನೇ ವಿಧಿ ಹಿಡಿದು, ಅಧ್ಯಕ್ಷರ ತುರ್ತು ಆಜ್ಞೆಗಳಿಂದ ದೇಶ ನಡೆಸುತ್ತಿದ್ದವು. ಅಂದರೆ ಸಂಸತ್ತನ್ನು ಬಿಟ್ಟು ಆಳುವುದು ಜನರಿಗೆ ಆಗಲೇ ರೂಢಿಯಾಗಿತ್ತು. 1932ರ ಜುಲೈನಲ್ಲಿ ನಾಜಿ ಪಕ್ಷಕ್ಕೆ ಶೇ. 37.3 ಮತ ಬಂತು. ನವೆಂಬರ್‌ನಲ್ಲಿ ಅದು ಶೇ. 33.1ಕ್ಕೆ ಇಳಿಯಿತು. ಇಳಿಮುಖದಲ್ಲಿದ್ದ ಆ ಪಕ್ಷದ ನಾಯಕನನ್ನು 1933ರ ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಚಾನ್ಸಲರ್ ಮಾಡಿದರು. ಸುತ್ತ ಇದ್ದ ಹಳೆಯ ರಾಜಕಾರಣಿಗಳು ಇವನನ್ನು ನಾವು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂದುಕೊಂಡಿದ್ದರು. ನಾಲ್ಕನೇ ಕಾಲಂನಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಬಂದ ಆಜ್ಞೆ ಮಾತು, ಪತ್ರಿಕೆ, ಸಭೆ, ಮನೆ ಎಲ್ಲದರ ಹಕ್ಕನ್ನೂ ಅಮಾನತಿನಲ್ಲಿಟ್ಟಿತು. ಮಾರ್ಚ್ 5ರ ಚುನಾವಣೆಯಲ್ಲೂ ನಾಜಿಗಳಿಗೆ ಬಹುಮತ ಬರಲಿಲ್ಲ, ಶೇ. 43.9 ಮಾತ್ರ. ಮಾರ್ಚ್ 23ರಂದು ಸಂಸತ್ತೇ ತನ್ನ ಕಾನೂನು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಬರೆದುಕೊಟ್ಟಿತು. ಪರ 444, ವಿರುದ್ಧ 94. ಗೆದ್ದಿದ್ದ 81 ಕಮ್ಯುನಿಸ್ಟ್ ಸದಸ್ಯರನ್ನು ಒಳಗೆ ಬಿಟ್ಟಿರಲೇ ಇಲ್ಲ. ಬೇಡ ಎಂದ 94 ಮಂದಿಯೂ ಸೋಷಿಯಲ್ ಡೆಮಾಕ್ರಟ್ ಪಕ್ಷದವರು. ಜುಲೈ 14ಕ್ಕೆ ಬೇರೆ ಪಕ್ಷ ಕಟ್ಟುವುದೇ ಅಪರಾಧವಾಯಿತು. ಜನವರಿಯಿಂದ ಲೆಕ್ಕ ಹಾಕಿದರೆ ಆರು ತಿಂಗಳೂ ಆಗಿರಲಿಲ್ಲ. ಹಳೆಯ ಸಂವಿಧಾನವನ್ನು ಮಾತ್ರ ಕೊನೆಯವರೆಗೂ ಯಾರೂ ಔಪಚಾರಿಕವಾಗಿ ರದ್ದು ಮಾಡಲಿಲ್ಲ.

ಈ ಪುಟವನ್ನು ನಮ್ಮ ದೇಶದ ಪಕ್ಕ ಇಟ್ಟು ಮೊದಲು ಓದಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಒಬ್ಬರಿದ್ದಾರೆ. ಹರಿ ವಿಷ್ಣು ಕಾಮತ್, ಸಂವಿಧಾನ ಸಭೆಯ ಸದಸ್ಯರು. 1949ರ ಆಗಸ್ಟ್‌ನಲ್ಲಿ ತುರ್ತುಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ, ಹಿಟ್ಲರ್ ಬಳಸಿಕೊಂಡ ಜರ್ಮನ್ ಸಂವಿಧಾನದ ವಿಧಿಗೂ ಇದಕ್ಕೂ ಹತ್ತಿರದ ಸಾಮ್ಯ ಇದೆ ಎಂದು ಅವರು ಎದ್ದು ನಿಂತು ಹೇಳಿದರು. ಸಭೆ ಅವರ ಮಾತನ್ನು ಒಪ್ಪಲಿಲ್ಲ. ಒಳ್ಳೆಯ ಹೋಲಿಕೆ ಹೇಗಿರುತ್ತದೆ ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಅವರು ಯಾರನ್ನೂ ಹಿಟ್ಲರ್ ಅನ್ನಲಿಲ್ಲ. ವಿಧಿಯ ಪಕ್ಕ ವಿಧಿ ಇಟ್ಟರು. ಆ ಚರ್ಚೆಗಳೆಲ್ಲ ಇಂಟರ್ನೆಟ್‌ನಲ್ಲಿ ಇಂಗ್ಲಿಷ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಗುಂಪಿನಲ್ಲಿ ಒಬ್ಬರು ಓದಿ ಕನ್ನಡದಲ್ಲಿ ಹೇಳಿದರೆ ಸಾಕು.

ನಮ್ಮ ಮನೆಯ ಪುಟ: 1973ರಿಂದ 1978

ಇಲ್ಲಿ ನಿಧಾನಕ್ಕೆ ಹೋಗಿ. ಎರಡು ಮೂರು ಭಾನುವಾರ ಹಿಡಿದರೂ ಹಿಡಿಯಲಿ.

ಎಲ್ಲರೂ 1975ರ ಜೂನ್ 25ರಿಂದ ಶುರು ಮಾಡುತ್ತಾರೆ. ನೀವು ಎರಡು ವರ್ಷ ಹಿಂದೆ ಹೋಗಿ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂತು. ಅರ್ಜಿ ಹಾಕಿದವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಅವರ ಪರ ವಾದಿಸಿದವರು ಮುಂಬಯಿಯ ನಾನಿ ಪಾಲ್ಖಿವಾಲಾ. 13 ನ್ಯಾಯಾಧೀಶರಲ್ಲಿ 7 ಮಂದಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದರು. ತೀರ್ಪು ಬಂದ ಬೆನ್ನಿಗೇ ಸರ್ಕಾರ ಮೂವರು ಹಿರಿಯ ನ್ಯಾಯಾಧೀಶರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರಲ್ಲಿ ಒಬ್ಬರು ಕಾರ್ಕಳದ ಕಡೆಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. 1975ರ ಆ ರಾತ್ರಿಗೆ ಆಗಿನ್ನೂ ಎರಡು ವರ್ಷ ಇತ್ತು. ಆದರೆ ನಾಲ್ಕನೇ ಕಾಲಂ ಆಗಲೇ ಬದಲಾಗತೊಡಗಿತ್ತು, ಅಲ್ವಾ?

ಆಮೇಲಿನ ತಾರೀಖುಗಳು ಬೇಗ ಬೇಗ ಬರುತ್ತವೆ. 1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಚುನಾವಣೆಯನ್ನು ರದ್ದು ಮಾಡಿತು. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮಂತ್ರಿಮಂಡಲಕ್ಕೆ ವಿಷಯ ಗೊತ್ತಾದದ್ದು ಮರುದಿನ ಬೆಳಿಗ್ಗೆ. ದೆಹಲಿಯ ಪತ್ರಿಕೆಗಳ ಪ್ರೆಸ್‌ಗೆ ಕರೆಂಟ್ ಕಟ್ ಆಗಿತ್ತು. ಆಗ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಲ್ಲೇ ಬಂಧನಕ್ಕೊಳಗಾದರು. 39ನೇ ತಿದ್ದುಪಡಿ ಪ್ರಧಾನಿಯ ಚುನಾವಣೆಯನ್ನು ಕೋರ್ಟಿನ ಕೈಯಿಂದ ಹೊರಗಿಟ್ಟಿತು. 42ನೆಯದು ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು. ಬಂಧನಕ್ಕೊಳಗಾದವರು ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಎಂದು, ತುರ್ತುಪರಿಸ್ಥಿತಿಯ ತನಿಖೆ ನಡೆಸಿದ ಷಾ ಆಯೋಗ ಆಮೇಲೆ ದಾಖಲಿಸಿತು.

ನಾಲ್ಕನೇ ಕಾಲಂಗೆ ಬನ್ನಿ. ವಿಚಾರಣೆ ಇಲ್ಲದೆ ಬಂಧಿತರಾದವರು ಕೋರ್ಟಿಗೆ ಹೋಗಬಹುದು ಎಂದು ಬಾಂಬೆ, ಕರ್ನಾಟಕ ಸೇರಿ ಒಂಬತ್ತು ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4-1ರಿಂದ ಅದನ್ನು ತಳ್ಳಿಹಾಕಿತು. ಆ ಒಬ್ಬರು ಎಚ್.ಆರ್. ಖನ್ನಾ. ಮುಂದಿನ ಜನವರಿಯಲ್ಲಿ ಅವರನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಅವರು ಹುದ್ದೆ ಬಿಟ್ಟರು. ಆ ಬಹುಮತದ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2017ರಲ್ಲಿ.

ಮುಂಬಯಿಗೆ ಒಂದು ಪುಟ ಪ್ರತ್ಯೇಕವಾಗಿ ಬಿಡಿ. ತುರ್ತುಪರಿಸ್ಥಿತಿ ಬಂದ ಮೊದಲ ದಿನಗಳಲ್ಲೇ ಇಲ್ಲಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರಜಾಪ್ರಭುತ್ವ ತೀರಿಕೊಂಡಿತು ಎಂಬರ್ಥದ ಶ್ರದ್ಧಾಂಜಲಿ ಜಾಹೀರಾತು, ಮನುಷ್ಯರ ಹೆಸರಿನ ವೇಷದಲ್ಲಿ ಅಚ್ಚಾಯಿತು. ಸೆನ್ಸಾರ್‌ನವರ ಕಣ್ಣಿಗೆ ಅದು ಬೀಳಲಿಲ್ಲ. ವಕೀಲರ ಸಭೆಗೆ ಪೊಲೀಸ್ ಕಮಿಷನರ್ ಅನುಮತಿ ಕೊಡದಿದ್ದಾಗ ಬಾಂಬೆ ಹೈಕೋರ್ಟ್ ಆ ಆದೇಶವನ್ನು ಎತ್ತಿ ಆಚೆ ಹಾಕಿತು. ಮಿನೂ ಮಸಾನಿಯವರ ಪತ್ರಿಕೆಯ ಬರಹಗಳಿಗೆ ಸೆನ್ಸಾರ್ ಕತ್ತರಿ ಹಾಕಿದಾಗಲೂ ಅದೇ ಕೋರ್ಟ್ ಸೆನ್ಸಾರ್ ಮಿತಿ ಮೀರಿದ್ದಾನೆ ಎಂದಿತು. ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದಲ್ಲಿ ಎದ್ದು ಮಾತಾಡಿದ್ದ ದುರ್ಗಾ ಭಾಗವತರನ್ನು 1976ರಲ್ಲಿ ಕೋಟೆ ಪ್ರದೇಶದ ಏಷಿಯಾಟಿಕ್ ಸೊಸೈಟಿಯ ಲೈಬ್ರರಿಯಿಂದ ಹಿಡಿದುಕೊಂಡು ಹೋದರು. ಮಂಗಳೂರಿನಿಂದ ಬಂದು ಈ ಊರಿನ ಕಾರ್ಮಿಕರ ನಾಯಕನಾದ ಜಾರ್ಜ್ ಫರ್ನಾಂಡಿಸ್ 1976ರ ಜೂನ್‌ನಲ್ಲಿ ಕಲ್ಕತ್ತಾದಲ್ಲಿ ಸಿಕ್ಕಿಬಿದ್ದು, 1977ರಲ್ಲಿ ಜೈಲಿನಿಂದಲೇ ಲೋಕಸಭೆಗೆ ಗೆದ್ದರು. ಮಹಾರಾಷ್ಟ್ರದ ವಿಧಾನಮಂಡಲ 1976ರಲ್ಲಿ ಕಡ್ಡಾಯ ಸಂತಾನಹರಣ ಶಸ್ತ್ರಚಿಕಿತ್ಸೆಯ ಮಸೂದೆಯನ್ನೇ ಪಾಸು ಮಾಡಿತ್ತು. ರಾಷ್ಟ್ರಪತಿಯ ಅಂಕಿತ ಸಿಗದೆ ಅದು ಕಾನೂನಾಗಲಿಲ್ಲ. ಇದನ್ನು ಹೇಳಿದರೆ ಇಲ್ಲೇ ಹುಟ್ಟಿ ಬೆಳೆದವರೂ ನಂಬುವುದಿಲ್ಲ.

ಐದನೇ ಕಾಲಂ ಮರೆಯಬೇಡಿ. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು, ಸರ್ಕಾರ ಸೋತಿತು, ಇಳಿಯಿತು. 1978ರ 44ನೇ ತಿದ್ದುಪಡಿ 'ಆಂತರಿಕ ಕ್ಷೋಭೆ' ಎಂಬ ಸಡಿಲ ಕಾರಣವನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂದು ಬಿಗಿ ಮಾಡಿತು. ಮಂತ್ರಿಮಂಡಲ ಬರವಣಿಗೆಯಲ್ಲಿ ಕೇಳದೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ ಎಂದಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಯಾವ ತುರ್ತಿನಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದಿತು. ಹಾಗಾಗಿ 1975ರಲ್ಲಿ ಆದದ್ದು ಅದೇ ರೂಪದಲ್ಲಿ ಮತ್ತೆ ಬರುವುದು ಕಷ್ಟ.

ಅಂಥ ರಾತ್ರಿಗಾಗಿ ಕಾಯಬೇಡಿ

ಹಾಗಂತ ಆರಾಮಾಗಿರುವ ಹಾಗಿಲ್ಲ. ಈಚಿನ ದಶಕಗಳಲ್ಲಿ ಪ್ರಜಾಪ್ರಭುತ್ವ ಸೊರಗಿದ ಬಹಳಷ್ಟು ಕಡೆ ಒಂದು ಕರಾಳ ರಾತ್ರಿ ಎಂಬುದೇ ಇಲ್ಲ. ಹಗಲಲ್ಲೇ, ಗೆಜೆಟ್‌ನಲ್ಲಿ ಅಚ್ಚಾಗಿ, ಒಂದೊಂದೇ ನಡೆಯುತ್ತದೆ.

ಹಂಗೆರಿಯಲ್ಲಿ 2010ರಲ್ಲಿ ಓರ್ಬಾನ್ ಅವರ ಪಕ್ಷ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮತ ಪಡೆದು ಮೂರನೇ ಎರಡರಷ್ಟು ಸೀಟು ಗೆದ್ದಿತು. ಆ ಬಲದಲ್ಲಿ ಹೊಸ ಸಂವಿಧಾನ ಬಂತು, ಚುನಾವಣಾ ಕಾನೂನು ಬದಲಾಯಿತು, ನ್ಯಾಯಾಧೀಶರ ನಿವೃತ್ತಿ ವಯಸ್ಸು 70ರಿಂದ 62ಕ್ಕೆ ಇಳಿಯಿತು. ಅಂದರೆ ಯಾರನ್ನೂ ವಜಾ ಮಾಡದೆ ಹಿರಿಯ ನ್ಯಾಯಾಧೀಶರೆಲ್ಲ ಮನೆಗೆ. ವೆನೆಜುವೆಲಾದಲ್ಲಿ ದಾರಿ ತಿರುಗಾಮುರುಗಾ. 2004ರಲ್ಲಿ ಸುಪ್ರೀಂ ಕೋರ್ಟಿನ ಸಂಖ್ಯೆಯನ್ನು 20ರಿಂದ 32ಕ್ಕೆ ಏರಿಸಿ ಅಧ್ಯಕ್ಷ ಚಾವೆಜ್ ಬಣದವರು ತಮ್ಮವರನ್ನು ತುಂಬಿದರು. ಒಂದು ಕಡೆ ಬಲಪಂಥ, ಇನ್ನೊಂದು ಕಡೆ ಎಡಪಂಥ. ಮೂರನೇ ಕಾಲಂನಲ್ಲಿ ಬರೆಯಬೇಕಾದದ್ದು ಒಂದೇ.

ಅಂಬೇಡ್ಕರ್ ಇದನ್ನು ಮೊದಲೇ ಕಂಡಿದ್ದರು. ಸಂವಿಧಾನದ ರೂಪ ಬದಲಾಯಿಸದೆ, ಆಡಳಿತದ ರೀತಿಯನ್ನು ಬದಲಾಯಿಸಿಯೇ ಅದನ್ನು ಕೆಡಿಸಬಹುದು ಎಂದು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಮಾಟುಂಗದಲ್ಲಿರುವವರಿಗೆ ಅವರ ರಾಜಗೃಹ ಕಾಲ್ನಡಿಗೆಯ ದೂರ. ಆ ಭಾಷಣವನ್ನೂ 1949ರ ನವೆಂಬರ್ 25ರ ಭಾಷಣವನ್ನೂ ಒಂದು ದಿನ ಗಟ್ಟಿಯಾಗಿ ಓದಿ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರದ ಕಡೆಗೆ ಕರೆದೊಯ್ಯುತ್ತದೆ ಎಂಬ ಮಾತು ಎರಡನೆಯದರಲ್ಲಿದೆ.

ಬೀಳದೆ ಉಳಿದವರನ್ನೂ ಸೇರಿಸಿ

ಬಿದ್ದ ದೇಶಗಳ ಪಟ್ಟಿ ಮಾತ್ರ ಇಟ್ಟುಕೊಂಡರೆ ಎಲ್ಲವೂ ಬೀಳುವ ಹಾಗೇ ಕಾಣುತ್ತದೆ. 1929ರ ಕೊನೆಯಲ್ಲಿ ಫಿನ್‌ಲ್ಯಾಂಡ್‌ನಲ್ಲಿ ಲಾಪುವಾ ಎಂಬ ಉಗ್ರ ಬಲಪಂಥೀಯ ಚಳವಳಿ ಎದ್ದಿತ್ತು. 1932ರಲ್ಲಿ ಅದು ಬಂದೂಕು ಹಿಡಿದಾಗ ಅಲ್ಲಿನ ಅಧ್ಯಕ್ಷ ಸ್ವಿನ್‌ಹುಫ್‌ವುದ್, ತಾವೇ ಬಲಪಂಥದವರಾಗಿದ್ದರೂ, ರೇಡಿಯೋದಲ್ಲಿ ಮಾತಾಡಿ ಅವರನ್ನು ಮನೆಗೆ ಕಳಿಸಿದರು. ಜರ್ಮನಿಯ ಅಧ್ಯಕ್ಷರು ಏನು ಮಾಡಿದರು ಎಂಬುದರ ಪಕ್ಕ ಇದನ್ನು ಇಡಿ.

ದಕ್ಷಿಣ ಕೊರಿಯಾ ಇನ್ನೂ ಹಸಿಯಾದ ಉದಾಹರಣೆ. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಮಿಲಿಟರಿ ಕಾನೂನು ಘೋಷಿಸಿದರು. ಸೈನಿಕರು ಸಂಸತ್ ಭವನಕ್ಕೆ ಬಂದರೂ 190 ಸಂಸದರು ಒಳಗೆ ಸೇರಿ ಕೆಲವೇ ಗಂಟೆಗಳಲ್ಲಿ ಅದನ್ನು ರದ್ದು ಮಾಡಲು ಮತ ಹಾಕಿದರು. ಅದರಲ್ಲಿ ಅಧ್ಯಕ್ಷರ ಪಕ್ಷದವರೂ ಇದ್ದರು. 2025ರ ಏಪ್ರಿಲ್ 4ರಂದು ಅಲ್ಲಿನ ಸಂವಿಧಾನ ಕೋರ್ಟ್ ಎಲ್ಲರ ಒಮ್ಮತದಿಂದ ಅವರನ್ನು ಹುದ್ದೆಯಿಂದ ಇಳಿಸಿತು. ಎರಡೂ ದೇಶಗಳಲ್ಲಿ ತಡೆದು ನಿಲ್ಲಿಸಿದವರಲ್ಲಿ ಸ್ವಂತ ಬಣದವರಿದ್ದಾರೆ. ಎದುರು ಪಕ್ಷ ಬೇಡ ಅನ್ನುವುದು ನಿರೀಕ್ಷೆಯ ಮಾತು. ತಮ್ಮವರೇ ಬೇಡ ಅಂದಾಗ ತೂಕ ಬೇರೆ.

ಈಗ ಇಂದಿನದು, ಅದೂ ಹತ್ತಿರದ್ದು

ದೆಹಲಿಯಿಂದ ಶುರು ಮಾಡಿದರೆ ಗುಂಪು ಒಡೆಯುತ್ತದೆ. ಮನೆಯ ಹತ್ತಿರದ ಒಂದು ಸಂಗತಿ ಹಿಡಿಯಿರಿ.

ಮುಂಬಯಿ ಪಾಲಿಕೆಗೆ 2017ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು. 2022ರ ಮಾರ್ಚ್‌ನಲ್ಲಿ ಅವಧಿ ಮುಗಿಯಿತು. ಅಲ್ಲಿಂದ ಮುಂದೆ ಕಾರ್ಪೊರೇಟರ್‌ಗಳಿಲ್ಲ, ಆಡಳಿತಾಧಿಕಾರಿಯೇ ಎಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನ ಹೇಳುತ್ತದೆ. ಇದು ಸರ್ವಾಧಿಕಾರದ ಲಕ್ಷಣವಾ? ಅವಸರ ಮಾಡಬೇಡಿ, ಕಾಲಂ ತುಂಬಿ. ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿತ್ತು. ಒಂದು ಸರ್ಕಾರ ವಾರ್ಡ್‌ಗಳನ್ನು 227ರಿಂದ 236 ಮಾಡಿತು, ಮುಂದಿನದು ಮತ್ತೆ 227ಕ್ಕೆ ತಂದಿತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ತಿಂಗಳೊಳಗೆ ಚುನಾವಣೆ ಮುಗಿಸಿ ಎಂದಿತು. ಮತದಾನ ನಡೆದದ್ದು 2026ರ ಜನವರಿಯಲ್ಲಿ. ಒಬ್ಬರೇ ಕೂತು ಹೂಡಿದ ಸಂಚು ಇಲ್ಲಿ ಕಾಣುವುದಿಲ್ಲ. ಆದರೆ ಮೂರನೇ ಕಾಲಂ ಸುಳ್ಳು ಹೇಳುವುದಿಲ್ಲ. ಸುಮಾರು ನಾಲ್ಕು ವರ್ಷ, ಈ ನಗರದ ಸಾವಿರಾರು ಕೋಟಿ ರೂಪಾಯಿಯ ಖರ್ಚನ್ನು ಪ್ರಶ್ನಿಸಲು ಜನ ಆರಿಸಿದವರು ಯಾರೂ ಅಲ್ಲಿರಲಿಲ್ಲ. ಉದ್ದೇಶ ಇಲ್ಲದೆಯೂ ಜಾರಬಹುದು ಎಂಬುದು ನನಗೆ ಇದರಿಂದ ಮನದಟ್ಟಾಯಿತು.

ಇನ್ನೊಂದು ಪಾಲ್ಘರ್‌ನದು. 2012ರ ನವೆಂಬರ್‌ನಲ್ಲಿ ಮುಂಬಯಿ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಒಬ್ಬ ಹುಡುಗಿಯನ್ನೂ ಅದನ್ನು ಲೈಕ್ ಮಾಡಿದ ಇನ್ನೊಬ್ಬಳನ್ನೂ ಬಂಧಿಸಿದರು. ಅವರ ಮೇಲೆ ಹಾಕಿದ್ದರಲ್ಲಿ ಒಂದು, ಇಂಟರ್ನೆಟ್ಟಿನಲ್ಲಿ ಆಕ್ಷೇಪಾರ್ಹ ಮಾತು ಬರೆಯುವುದನ್ನೇ ಅಪರಾಧ ಮಾಡಿದ್ದ ಐಟಿ ಕಾಯ್ದೆಯ 66ಎ ಕಲಂ. ಅದು ಆಗಿನ ಕಾಂಗ್ರೆಸ್ ನೇತೃತ್ವದ ಸರ್ಕಾರ ತಂದದ್ದು. ಆಮೇಲೆ ಬಂದ ಬಿಜೆಪಿ ಸರ್ಕಾರ ಕೋರ್ಟಿನಲ್ಲಿ ಅದನ್ನೇ ಸಮರ್ಥಿಸಿತು. ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ಹೊಡೆದುಹಾಕಿತು. ಭಯೋತ್ಪಾದನೆಯ ವಿರುದ್ಧ ಬಳಸುವ ಯುಎಪಿಎ ಕಾಯ್ದೆಯಲ್ಲಿ ಜಾಮೀನು ಕಷ್ಟ ಮಾಡಿದ ತಿದ್ದುಪಡಿ 26/11ರ ದಾಳಿಯ ಬೆನ್ನಿಗೆ 2008ರ ಡಿಸೆಂಬರ್‌ನಲ್ಲಿ ಬಂತು. ಒಬ್ಬ ವ್ಯಕ್ತಿಯನ್ನೇ ಭಯೋತ್ಪಾದಕ ಎಂದು ಸರ್ಕಾರ ಘೋಷಿಸಬಹುದೆಂಬ ತಿದ್ದುಪಡಿ 2019ರಲ್ಲಿ ಬಂತು. ಒಂದು ಸರ್ಕಾರ ಹೆಣೆದದ್ದನ್ನು ಮುಂದಿನದು ಬಿಗಿ ಮಾಡುತ್ತದೆ. ಆದ್ದರಿಂದ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದೇ ಅಧಿಕಾರ ನನಗೆ ಆಗದ ಪಕ್ಷದ ಕೈಗೆ ಹೋದರೆ ನಾನು ಒಪ್ಪುತ್ತೇನಾ?

ಹಿರಿಯರನ್ನು ಕೇಳುವಾಗ

1975ರಲ್ಲಿ ಮುಂಬಯಿಯಲ್ಲಿದ್ದ ಕನ್ನಡದ ಹಿರಿಯರು ಇನ್ನೂ ಇದ್ದಾರೆ. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದವರು, ಮಿಲ್ಲಿನಲ್ಲಿದ್ದವರು, ಬ್ಯಾಂಕಿನವರು. 'ಎಮರ್ಜೆನ್ಸಿ ಹೇಗಿತ್ತು' ಎಂದು ಸುಮ್ನೆ ಕೇಳಿದರೆ 'ಟ್ರೇನ್ ಟೈಮಿಗೆ ಬರ್ತಿತ್ತು ಮಾರಾಯ' ಎಂಬ ಉತ್ತರ ಬರಬಹುದು. ಅದೂ ಒಂದು ಅನುಭವವೇ, ತಳ್ಳಿಹಾಕಬೇಡಿ. ಇನ್ನೂ ಸಣ್ಣ ಪ್ರಶ್ನೆ ಕೇಳಿ. ಆಗ ಯಾರ ಎದುರು ಯಾವ ಮಾತು ಆಡುವುದನ್ನು ನಿಲ್ಲಿಸಿದಿರಿ? ಯೂನಿಯನ್ನಿನವರಲ್ಲಿ ಯಾರು ಕಾಣೆಯಾದರು? ಊರಿಗೆ ಬರೆದ ಕಾಗದದಲ್ಲಿ ಏನು ಬಿಟ್ಟಿರಿ? ಆಪರೇಷನ್ ಮಾಡಿಸಿಕೊ ಎಂದು ಯಾರಿಗೆ ಒತ್ತಾಯ ಬಂತು? ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತಾರೀಖನ್ನು ಮಾತ್ರ ಪತ್ರಿಕೆ ಅಥವಾ ಪುಸ್ತಕದಲ್ಲಿ ತಾಳೆ ನೋಡಿ, ನೆನಪಿನಲ್ಲಿ ವರ್ಷಗಳು ಹಿಂದೆ ಮುಂದೆ ಆಗುತ್ತವೆ.

ಬರೆದು ಹಂಚುವಾಗ

'ಇದು ಎಮರ್ಜೆನ್ಸಿ' ಎಂದು ಕಳಿಸುವ ಬದಲು ಹೀಗೆ ಬರೆಯಿರಿ: '1973ರಲ್ಲಿ ಹಿರಿಯ ನ್ಯಾಯಾಧೀಶರನ್ನು ದಾಟಿ ನೇಮಕ ಮಾಡಿದ್ದರು. ಈಗಿನ ಈ ನೇಮಕ ಈ ಅಂಶದಲ್ಲಿ ಅದರ ಹಾಗಿದೆ, ಈ ಅಂಶದಲ್ಲಿ ಅದರ ಹಾಗಿಲ್ಲ.' ಹಾಗಿಲ್ಲದ್ದನ್ನು ಬರೆಯಲೇಬೇಕು. ತೀರ್ಪಿನ ಬಗ್ಗೆ ಬರೆಯುವ ಮೊದಲು ತೀರ್ಪನ್ನೇ ನೋಡಿ. ಸುಪ್ರೀಂ ಕೋರ್ಟಿನ ವೆಬ್‌ಸೈಟ್‌ನಲ್ಲಿ ಕೆಲವು ತೀರ್ಪುಗಳು ಕನ್ನಡದಲ್ಲೂ ಇವೆ.

ಮಹಾರಾಷ್ಟ್ರದ ವಿಶೇಷ ಸಾರ್ವಜನಿಕ ಭದ್ರತಾ ಮಸೂದೆ 2025ರ ಜುಲೈನಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತು. ಅದಕ್ಕೂ ಮೊದಲು ಅದು ಜಂಟಿ ಸಮಿತಿಗೆ ಹೋಗಿತ್ತು, ಸಾವಿರಾರು ಜನ ಸಲಹೆ, ಆಕ್ಷೇಪ ಕಳಿಸಿದ್ದರು. ನಿಮ್ಮ ನೋಟ್‌ಬುಕ್‌ನ ಮುಂದಿನ ಸಾಲಿಗೆ ಇದನ್ನು ತೆಗೆದುಕೊಳ್ಳಿ. ಮಸೂದೆಯ ಪಠ್ಯ ಓದಿ, ಸಮಿತಿ ಏನು ಬದಲಾಯಿಸಿತು ನೋಡಿ, ಆಮೇಲೆ ನಿಮ್ಮ ಕ್ಷೇತ್ರದ ಶಾಸಕರಿಗೆ ಒಂದು ಕಾಗದ ಬರೆದು, ಆವತ್ತು ಸದನದಲ್ಲಿ ನೀವು ಏನು ಹೇಳಿದಿರಿ ಎಂದು ಕೇಳಿ. ಮರಾಠಿಯಲ್ಲಿ ಬರೆದರೆ ಉತ್ತರ ಬೇಗ ಬರುವ ಸಾಧ್ಯತೆ ಜಾಸ್ತಿ. ಉತ್ತರ ಬಂದರೆ ತಾರೀಖು ಹಾಕಿ ನಾಲ್ಕನೇ ಕಾಲಂನಲ್ಲಿ ಬರೆಯಿರಿ. ಬಾರದಿದ್ದರೆ, ಕಾಗದ ಕಳಿಸಿದ ತಾರೀಖಿನ ಜೊತೆ ಅದನ್ನೂ ಬರೆಯಿರಿ.